ಸೋದರಮಾವನ ಕುದುರೆಶಕ್ತಿ

ನಮ್ಮ ಸೀಮೆಗೆ ನೀರೆತ್ತುವ ಎಂಜಿನ್ನುಗಳು ಆಗತಾನೇ ಬರುತ್ತಿದ್ದ ಕಾಲ. ಯಾವ ಬಾವಿಗೆ ಎಷ್ಟು ಕುದುರೆಶಕ್ತಿ ಬೇಕೆಂದು ಲೆಕ್ಕ ಹಾಕಿಕೊಡುತ್ತಿದ್ದವನು ನಾನು, ಹುಣಸೂರಿನ ವಿಜ್ಞಾನದ ಮೇಷ್ಟ್ರು. ಹೀಗಿರುವಾಗ ಒಬ್ಬ ಹುಡುಗಿಯನ್ನು ಎತ್ತುವುದು ಯಾವ ಮಹಾ!

ಹುಡುಗಿ ನನ್ನ ಅಕ್ಕನ ಮಗಳು ನಂಜಿ. ಕೃಷ್ಣರಾಜನಗರದಲ್ಲಿ ಮದುವೆ. ಧಾರೆಗೆ ಹೆಣ್ಣನ್ನು ಸೋದರಮಾವನೇ ಎತ್ತಿಕೊಂಡು ಮಂಟಪಕ್ಕೆ ತರಬೇಕು. ನಾನೋ ಸೀಮೆಸುಣ್ಣದ ಕಡ್ಡಿ. ಅವಳು ಗದ್ದೆ ಕೆಲಸ ಮಾಡಿ ಗಟ್ಟಿಮುಟ್ಟಾಗಿ ಬೆಳೆದವಳು.

"ಆಗ್ದಿದ್ರೆ ಈಗ್ಲೇ ಹೇಳ್ಬುಡು ಕಣೋ," ಅಂದಳು ಅಕ್ಕ. "ಪಿರಿಯಾಪಟ್ಟಣದ ದೊಡ್ಡಪ್ಪನ ಮಗ ಜವರಣ್ಣ ಎತ್ತಾನೆ."

ಹೊಗೆಸೊಪ್ಪಿನ ಮೂಟೆ ಎತ್ತಿ ಪಳಗಿದ ಜವರಣ್ಣ ಅಲ್ಲೇ ಮೀಸೆ ತಿರುವಿದ. ನಂಜಿ ಒಪ್ಪಲಿಲ್ಲ. "ಚಿಕ್ಕೋಳಿದ್ದಾಗ ನನ್ನ ಹೆಗಲ ಮ್ಯಾಲೆ ಕೂರುಸ್ಕಂಡು ತಿರುಗ್ಸಿದ್ದು ಮಾವ. ಮಾವನೇ ಎತ್ಬೇಕು," ಅಂದುಬಿಟ್ಟಳು. ಹುಡುಗಿಯ ಆಸೆ, ನನ್ನ ಮಾನ ಎರಡೂ ಈಗ ನನ್ನ ಸೊಂಟದ ಮೇಲೆ ಬಿದ್ದವು.

ಮನೆಗೆ ಬಂದರೆ ಹೆಂಡತಿ ಸಾಕಮ್ಮ ರಾಗಿ ಮೂಟೆ ತೋರಿಸಿದಳು. "ದಿನಾ ಇದನ್ನ ಎತ್ತಿ ರೂಢಿ ಮಾಡ್ಕಳಿ."

"ಎತ್ತುವುದು ಮೈಯ ಕೆಲಸವಲ್ಲ, ಲೆಕ್ಕದ ಕೆಲಸ ಕಣೇ!"

ಗೋಡೆಯ ಮೇಲೆ ಬರೆದೇ ವಿವರಿಸಿದೆ. ಭಾರವನ್ನು ಎತ್ತರದಿಂದ ಗುಣಿಸಿ, ಎತ್ತಲು ಹಿಡಿಯುವ ಸಮಯದಿಂದ ಭಾಗಿಸಬೇಕು. ಸಮಯ ಹೆಚ್ಚಿದಷ್ಟೂ ಕಡಿಮೆ ಶಕ್ತಿ ಸಾಕು. ಸಾಕಷ್ಟು ನಿಧಾನವಾಗಿ ಎತ್ತಿದರೆ ಕುದುರೆ ಹಾಗಿರಲಿ, ಕುದುರೆಯ ಬಾಲದ ಶಕ್ತಿಯೂ ಬೇಡ!

"ಯಾವುದಕ್ಕೂ ಜವರಣ್ಣಂಗೆ ಒಂದ್ಮಾತು ಹೇಳಿಟ್ಟಿರಿ," ಅಂದಳು. ನಾನು ಗೋಡೆಯ ಲೆಕ್ಕದ ಕೆಳಗೆ ಎರಡು ಗೆರೆ ಎಳೆದೆ. ಅಜ್ಞಾನದ ಜೊತೆ ಏನು ವಾದ!

ಧಾರೆಯ ಹೊತ್ತು ಬಂತು. ಬಾಸಿಂಗ ಕಟ್ಟಿಕೊಂಡು ಮಣೆಯ ಮೇಲೆ ಕೂತಿದ್ದ ನಂಜಿಯನ್ನು, ಸಿದ್ಧಾಂತಕ್ಕೆ ಅನುಸಾರವಾಗಿ, ಅತಿ ನಿಧಾನವಾಗಿ ಎತ್ತತೊಡಗಿದೆ. ಮಣೆ ಬಿಟ್ಟು ಒಂದು ಗೇಣು ಮೇಲೆದ್ದಳು. ಆಹಾ, ವಿಜ್ಞಾನವೇ! ಹೆಂಗಸರ ಸೋಬಾನೆ ಹಾಡು ಮುಗಿಯಿತು. ನಾವು ಇನ್ನೂ ಗೇಣಿನಲ್ಲೇ ಇದ್ದೆವು. ಅವರು ಅದೇ ಹಾಡನ್ನು ಮತ್ತೆ ಮೊದಲಿನಿಂದ ಹಿಡಿದರು. ನಿಧಾನವಾಗಿ ಎತ್ತುವವನು ಅಷ್ಟು ಹೊತ್ತೂ ಭಾರ ಹೊತ್ತೇ ನಿಲ್ಲಬೇಕೆಂಬ ಸಣ್ಣ ಸಂಗತಿ ನನ್ನ ಗೋಡೆಯ ಮೇಲೆ ಇರಲಿಲ್ಲ.

"ಬೇಗ ಎತ್ರೀ ಮೇಷ್ಟ್ರೇ!" ಜವರಣ್ಣ ಕೂಗಿದ.

ಬೇಗ ಎತ್ತಿದರೆ ಲೆಕ್ಕ ಕೆಡುತ್ತದೆ ಎನ್ನಲು ಬಾಯಿ ತೆರೆದೆ. ಸೊಂಟ ಕಳಕ್ ಅಂತು. ನಂಜಿ ಮಣೆಗೆ ವಾಪಸ್ಸು! ನಾನು ಮಾತ್ರ ಬಗ್ಗಿದವನು ಬಗ್ಗಿದಂತೆಯೇ ಉಳಿದೆ.

"ಯಾರಾದ್ರೂ ಯಾರನ್ನಾದ್ರೂ ಎತ್ಕೊಂಡು ಬನ್ನಿ, ಮುಹೂರ್ತ ಮೀರ್ತಿದೆ!" ಎಂದು ಪುರೋಹಿತರು ಮಂಟಪದಿಂದ ಅರಚಿದರು.

ಜವರಣ್ಣ ಪಂಚೆ ಎತ್ತಿ ಕಟ್ಟಿದ. ನಂಜಿ ಅವನತ್ತ ನೋಡಲೂ ಇಲ್ಲ. "ನಾನು ಮಾವನ ಜೊತೇಲೇ ಬತ್ತೀನಿ," ಎಂದು ಎದ್ದು, ನನ್ನ ತೋಳನ್ನು ತನ್ನ ಹೆಗಲಿಗೆ ಹಾಕಿಕೊಂಡು, ಸೊಂಟಕ್ಕೆ ಕೈಕೊಟ್ಟು ಎತ್ತಿದಳು. ದಾರಿಯುದ್ದಕ್ಕೂ ನನ್ನ ಕಾಲು ನೆಲಕ್ಕೆ ತಾಗಿತೋ ಇಲ್ಲವೋ ತಿಳಿಯದು. ನಾಚಿಕೆಯಿಂದ ಸತ್ತೇ ಹೋದೆ. ಆದರೂ ಮಂಟಪ ಬಂದಾಗ ಆ ಹೆಗಲನ್ನು ಬಿಡಲು ಮನಸ್ಸಾಗಲಿಲ್ಲ.

ಊಟದ ಪಂಕ್ತಿಯಲ್ಲಿ ಸಾಕಮ್ಮ ಮೆಲ್ಲಗೆ ಕೇಳಿದಳು: "ಕೊನೇಗೆ ಎಷ್ಟು ಕುದ್ರೆ ಬೇಕಾಯ್ತು?"

"ಒಬ್ಬಳು ಮದುವಣಗಿತ್ತಿ ಸಾಕಾದಳು ಕಣೇ," ಅಂದೆ, ಬಗ್ಗಿಕೊಂಡೇ.