ಬಿಜಲಿಯ ಹಿಂಗಾಲು, ಊರಿನ ಉಸಾಬರಿ

ನಮ್ಮ ಉಮರ್ಗಾದಲ್ಲಿ ಮನುಷ್ಯ ಹಾಸಿಗೆ ಹಿಡಿದರೆ ನಾಲ್ಕು ಜನ ನೋಡಲು ಬರುತ್ತಾರೆ. ಕುದುರೆ ಕುಂಟಿದರೆ ಇಡೀ ಪೇಟೆಯೇ ಬರುತ್ತದೆ, ಬಂದವರೆಲ್ಲ ಡಾಕ್ಟರರೇ ಆಗಿರುತ್ತಾರೆ. ಒಂದು ವರ್ಷದಿಂದ ನನಗೆ ಇದೇ ಗೋಳು.

ನನ್ನ ಹೆಣ್ಣುಗುದುರೆಯ ಹೆಸರು ಬಿಜಲಿ. ವಯಸ್ಸು ಹತ್ತೊಂಬತ್ತು. ಕಾಳಿನ ಅಂಗಡಿ ಮುಚ್ಚಿ ಅವಳ ಮೇಲೆ ಒಂದು ಸುತ್ತು ಹೋಗಿ ಬಂದರೇ ನನಗೆ ಊಟ ಸೇರುತ್ತಿತ್ತು. ನನ್ನ ಮಗಳು ಸೈಕಲ್ಲಿಗಿಂತ ಮೊದಲು ಕೂತದ್ದು ಇವಳ ಬೆನ್ನ ಮೇಲೆ. ಅಂಥವಳ ಹಿಂಗಾಲಿನ ನಡುಗೀಲು ಸವೆದು ಸಂಧಿವಾತ ಹಿಡಿದಿದೆ ಎಂದರು ದನದ ದವಾಖಾನೆಯ ಡಾಕ್ಟರು.

"ಇದು ಪೂರಾ ಹೋಗಾದಲ್ಲರಿ, ಸಂಭಾಳಿಸಾದು. ಕಟ್ಟಿ ಹಾಕಬ್ಯಾಡ್ರಿ, ದಿನಾ ಸಾವಕಾಶ ನಡಸ್ರಿ. ಕುಣಸಬ್ಯಾಡ್ರಿ. ಜೋರ್ ಝಟಕಾ ಕೂತ್ರ, ಮಲಗಿದ್ದು ಮತ್ತ ಏಳಾಂಗಿಲ್ಲ."

ಕೇಳಿ ನನ್ನ ಕಣ್ಣು ತುಂಬಿ ಬಂತು. ಹೇಳಿದಂತೆ ನಡೆಯುತ್ತೇನೆಂದು ಮಾತು ಕೊಟ್ಟೆ.

ನಡಿಗೆ

ದಿನಾ ಬೆಳಿಗ್ಗೆ ಹಗ್ಗ ಹಿಡಿದು ನಾನು ಮುಂದೆ, ಬಿಜಲಿ ಹಿಂದೆ. ನಡಿಗೆ ಮುಗಿಯುವುದು ದವಾಖಾನೆಯ ಗೇಟಿಗೆ. ಡಾಕ್ಟರು ಅವಳ ಹಿಂಗಾಲು ಎತ್ತಿ, ಮಡಚಿ ನೋಡಿ, ಒಂದು ಗಜ್ಜರಿ ತಿನ್ನಿಸುತ್ತಿದ್ದರು. ತಿಂಗಳೊಳಗೆ ಅವಳೇ ಗೇಟಿನಲ್ಲಿ ನಿಂತು ಕಾಲೆತ್ತತೊಡಗಿದಳು.

ಕುದುರೆಗಿರುವ ಈ ತಿಳಿವಳಿಕೆ ಪೇಟೆಗಿಲ್ಲ. "ಸಾವಕಾರ್ರ, ಪೆಟ್ರೋಲ್ ಖಾಲಿ ಆಗ್ಯಾದೇನ್ರಿ?" ಎಂದು ಬಟ್ಟೆ ಅಂಗಡಿಯವನು ದಿನಾ ಕೇಳುತ್ತಾನೆ. ಒಂದು ದಿನ ಲೋಹಾರಾ ಕಡೆಯಿಂದ ಬಂದ ಅಪರಿಚಿತನೊಬ್ಬ ನನ್ನನ್ನು ನೋಡಿ ಮರುಗಿ ಮೋಟರ್ ಸೈಕಲ್ ನಿಲ್ಲಿಸಿದ. "ಪಾಪ, ಹಿಂದ ಕೂಡ್ರಿ ಕಾಕಾ. ಹಗ್ಗ ಹಿಡ್ಕೊಂಡೇ ಕೂಡ್ರಿ. ನಾ ಸಾವಕಾಶ ಹೊಡೀತೀನಿ."

ಸ್ವಂತ ಕುದುರೆ ಇಟ್ಟುಕೊಂಡು ಲಿಫ್ಟ್ ಕೇಳುವ ಗತಿ ನನಗೆ ಬಂದಿಲ್ಲ ಎಂದು ಕೂಗಿ ಹೇಳಿದೆ.

ತೂಕ

ಒಂದೆರಡು ತಿಂಗಳಾದ ಮೇಲೆ ಡಾಕ್ಟರು ಅಂದರು: "ಈಗ ಸ್ವಲ್ಪ ಸವಾರಿ ಮಾಡ್ಬಹುದು. ಆದ್ರ ಮ್ಯಾಲ ಕೂಡವ್ರು ಹತ್ತು ಕಿಲೋ ಇಳೀಬೇಕು."

ಇದನ್ನು ಮನೆಯಲ್ಲಿ ಹೇಳಿದ್ದೇ ನನ್ನ ತಪ್ಪು. ಹೆಂಡತಿ ಆವತ್ತೇ ನನ್ನ ತಾಟಿನಿಂದ ಒಂದು ರೊಟ್ಟಿ ತೆಗೆದಳು. ತೆಗೆದದ್ದನ್ನು ಇಟ್ಟಳೇ? ಇಲ್ಲ, ನೇರವಾಗಿ ಹಿತ್ತಲಿಗೆ ಒಯ್ದು ಬಿಜಲಿಗೆ ತಿನ್ನಿಸಿದಳು.

"ಏ, ಅದು ನನ್ನ ರೊಟ್ಟಿ!" ಅಂದೆ.

"ಆಕಿ ಕಾಲು ನೋಯ್ತಾವರಿ."

ನೋವು ಅವಳದ್ದು, ಉಪವಾಸ ನನ್ನದು. ಇದು ಯಾವ ನ್ಯಾಯ?

ಬರೆ

ಮಾಕಣಿಯ ಕುರಿಗಾರ ಮುದುಕನೊಬ್ಬ, ಬೀರಪ್ಪನ ಭಕ್ತ, ಅಂಗಡಿಗೆ ಜೋಳ ಒಯ್ಯಲು ಬಂದವನು ಬಿಜಲಿಯನ್ನು ನೋಡಿದ. ಕುಡುಗೋಲು ಕಾಸಿ ಕೀಲಿನ ಮೇಲೆ ಬರೆ ಎಳೆಯಬೇಕು, ಎರಡೇ ದಿನದಲ್ಲಿ ಗುಣ ಎಂದ. ನನಗೆ ರೇಗಿತು.

"ನಿನಗ ಯಾರರ ಬರಿ ಹಾಕ್ಯಾರೇನು?"

"ಹಾಕ್ಯಾರಲ್ಲರಿ, ಟೊಂಕಕ್ಕ ಮೂರ್ ಸಲ."

"ಗುಣ ಆತೇನು?"

"ಇಲ್ಲರಿ. ಆದ್ರ ನೋಯ್ತದ ಅಂತ ಹೇಳಾದು ಬಿಟ್ಟೀನಿ."

ಮೆರವಣಿಗೆ

ಇನ್ನು ನಿಲಂಗಾದಲ್ಲಿರುವ ನನ್ನ ಹೆಂಡತಿಯ ತಮ್ಮ. ಅವನ ಮಗನಿಗೆ ನಮ್ಮೂರಿನ ಹೆಣ್ಣು ಗೊತ್ತಾಯಿತು. "ದಾಜಿ, ವರ ಕುದುರಿ ಮ್ಯಾಲೇ ಬರಬೇಕು. ನಿಮ್ಮ ಬಿಜಲಿ ಕೊಡ್ರಿ" ಅಂದ. ಅಕ್ಕನ ಗಂಡನಾದ್ದರಿಂದ ಅವನಿಗೆ ನಾನು ದಾಜಿ.

"ಡಾಕ್ಟರ್ ಬ್ಯಾಡ ಅಂದಾರಪ್ಪ."

"ಕುಣಸಾದು ಬ್ಯಾಡ ಅಂದಾರ. ನಡಸ್ರಿ ಅಂತ ಅವರೇ ಹೇಳ್ಯಾರಲ್ಲ? ನಾವೂ ಬರೇ ನಡಸ್ತೀವಿ."

ಹೆಂಡತಿ ನನ್ನ ಮುಖ ನೋಡಿದಳು. ಇನ್ನೊಂದು ರೊಟ್ಟಿಯೂ ಹೋದೀತೆಂದು ಹೂಂ ಅಂದೆ. ಅದಕ್ಕಾಗಿ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

ಮದುವೆಯ ದಿನ ಬೆಳಿಗ್ಗೆ ಬ್ಯಾಂಡು ಶುರುವಾದದ್ದೇ ತಡ, ವರನ ಗೆಳೆಯರು "ಕುಣಸ್ರಿ, ಕುಣಸ್ರಿ" ಎಂದು ಕುದುರೆಯ ಕಾಲ ಬಳಿ ಟವೆಲ್ ಬೀಸತೊಡಗಿದರು. ನನ್ನ ಮೈ ಉರಿದುಹೋಯಿತು. ಹಗ್ಗ ಬಿಟ್ಟು ಅವರ ಕೈಯಿಂದ ಟವೆಲ್ ಕಿತ್ತುಕೊಂಡು ಬೈದೆ. ಬೈದು ತಿರುಗಿ ನೋಡಿದರೆ ಬಿಜಲಿ ಇಲ್ಲ.

ಓಡಿರಲಿಲ್ಲ ಅವಳು. ದಿನದ ನಡಿಗೆಯಲ್ಲೇ, ವರನನ್ನು ಹೊತ್ತು, ದವಾಖಾನೆಯ ಓಣಿಗೆ ತಿರುಗಿದ್ದಳು. ಅದೇ ದಾರಿ ಇರಬೇಕೆಂದು ಬ್ಯಾಂಡಿನವರು ಹಿಂದೆ, ಆರತಿ ಹಿಡಿದ ಹೆಂಗಸರು ಅವರ ಹಿಂದೆ. ಬಿಜಲಿ ಗೇಟಿನಲ್ಲಿ ನಿಂತು ಹಿಂಗಾಲು ಎತ್ತಿದಳು. ಬಾಸಿಂಗ ಕಟ್ಟಿದ ವರ ಜಾರಿ ಅವಳ ಕುತ್ತಿಗೆ ತಬ್ಬಿಕೊಂಡ.

ಡಾಕ್ಟರು ಹೊರಗೆ ಬಂದರು. ಕುದುರೆಯನ್ನು ನೋಡಿದರು, ವರನನ್ನು ನೋಡಿದರು, ಏದುಸಿರು ಬಿಡುತ್ತ ಬಂದ ನನ್ನನ್ನೂ ನೋಡಿದರು. ಕಾಲು ಮಡಚಿ ಪರೀಕ್ಷೆ ಮಾಡಿದರು.

"ದೇವರ ದಯಾ, ಏನೂ ಆಗಿಲ್ಲ. ಆಕೀನ ಇಲ್ಲೇ ಬಿಡ್ರಿ. ವರಂದು ಎರಡೂ ಕಾಲು ಚಲೋ ಅವ, ಅಂವಾ ನಡಕೋತ ಹೋಗ್ಲಿ."

ವರ ನಡೆದೇ ಮಂಟಪಕ್ಕೆ ಹೋದ. ಅವನ ಅಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾನೆ, ಬಿಡಲಿ. ನನಗೆ ಸಿಟ್ಟು ಅವನ ಮೇಲಲ್ಲ. ಹತ್ತೊಂಬತ್ತು ವರ್ಷ ಮೇವು ಹಾಕಿದ ನನ್ನ ಮೇಲೆ ಈ ಬಿಜಲಿ ತಾನಾಗಿ ಹೋಗಿ ಡಾಕ್ಟರರಿಗೆ ಫಿರ್ಯಾದು ಕೊಟ್ಟಳಲ್ಲ, ಅದೂ ಬ್ಯಾಂಡು ಬಾರಿಸಿಕೊಂಡು!