ಸಾಹೇಬರ ಜೀಪಿನ ಕ್ಲಚ್ ತೆಗೆಸಿದ್ದು

ಗೇರ್‌ಬಾಕ್ಸ್ ಬಿಚ್ಚುವ ಕಸುಬಿನವನು ನಗೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೆಳಿಗ್ಗೆ ಷಟರ್ ಎತ್ತಿದರೆ ಸಾಕು, ಅದೇ ಯಾವುದಾದರೂ ಗಾಡಿ ಹತ್ತಿಕೊಂಡು ಒಳಗೆ ಬರುತ್ತದೆ. ರಾಮನಗರದಲ್ಲಿ ಮಾಗಡಿ ರಸ್ತೆಯಲ್ಲಿ ನನ್ನ ಗ್ಯಾರೇಜು. ಟ್ರ್ಯಾಕ್ಟರು, ಟೆಂಪೊ, ಎಳನೀರಿನ ಗೂಡ್ಸ್ ಆಟೊ, ಎಲ್ಲವೂ ಬರುತ್ತವೆ. ಆದರೆ ಒಂದೇ ಗಾಡಿ ಇಷ್ಟು ಸಲ ನಗಿಸಿದ್ದು ಅಂದರೆ ಸಾಹೇಬರ ಜೀಪು ಮಾತ್ರ.

ಮಂಡಿನೋವಿಗೆ ಮದ್ದು

ಸಾಹೇಬರು ಅಂದರೆ ನಮ್ಮೂರಿನ ಒಬ್ಬ ರೇಷ್ಮೆ ರೀಲರು. ಗೂಡು ಕೊಂಡು ನೂಲು ತೆಗೆಸುವ ಹಳೇ ಮನೆತನ. ಜೀಪು ಅವರ ತಂದೆ ಓಡಿಸಿದ್ದು. ಅದರ ಕ್ಲಚ್ ಒತ್ತಲು ಪೈಲ್ವಾನನ ಕಾಲೇ ಬೇಕು. ಒತ್ತೀ ಒತ್ತೀ ಸಾಹೇಬರ ಎಡಮಂಡಿ ಸವೆದಿತ್ತು. ಒಂದು ದಿನ ಕುಂಟುತ್ತಾ ಬಂದು ನನ್ನ ಬೆಂಚಿನ ಮೇಲೆ ಕೂತರು.

"ಡಾಕ್ಟ್ರು ಕ್ಲಚ್ ಮುಟ್ಬೇಡಿ ಅಂದವ್ರೆ ಮೇಸ್ತ್ರಿ. ಮನೇಲಿ ಜೀಪ್ನ ಗುಜರಿಗೆ ಹಾಕಿ ಅಂತಾ ಅವ್ರೆ. ಅಬ್ಬಾ ಓಡ್ಸಿದ್ ಗಾಡಿ. ಹೆಂಗ್ ಹಾಕ್ಲಿ?"

"ಜೀಪ್ ಯಾಕೆ? ಕ್ಲಚ್ನೇ ಗುಜರಿಗೆ ಹಾಕನ ಬುಡಿ" ಅಂದೆ.

ಮುಂಭಾಗ ಜಜ್ಜಿಹೋಗಿದ್ದ ಒಂದು ದೊಡ್ಡ ವಿದೇಶಿ ಗಾಡಿಯ ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನು ನಾನು ನೋಡಿಟ್ಟಿದ್ದೆ. ಅಕ್ಕಪಕ್ಕದ ಮೆಕ್ಯಾನಿಕ್ಕುಗಳು "ಈ ಕಾಲದ ಗೇರು ಆ ಕಾಲದ ಜೀಪಿಗೆ ಕೂತ್ಕತದೇನ್ಲಾ?" ಅಂತ ನಕ್ಕರು. ನನಗೆ ಅನುಮಾನವೇ ಇರಲಿಲ್ಲ. ನನ್ನ ಕೈಗೆ ಬಂದ ಗೇರ್‌ಬಾಕ್ಸು ಕೂರದೆ ಎಲ್ಲಿಗೆ ಹೋಗುತ್ತದೆ?

ಸಾಹೇಬರಿಗೆ ಬಿಡಿಸಿ ಹೇಳಿದೆ: ಗೇರು ತಾನೇ ಬೀಳುತ್ತದೆ, ಎಡಗಾಲಿಗೆ ಕೆಲಸವಿಲ್ಲ. ನಾಲ್ಕನೇ ಗೇರಿಗೆ ಓವರ್‌ಡ್ರೈವ್ ಅಂತ ಹೆಸರು. ಹೈವೇಯಲ್ಲಿ ಅದಕ್ಕೆ ಬಿತ್ತು ಅಂದರೆ ಇಂಜಿನ್ನು ನಿಧಾನಕ್ಕೆ ತಿರುಗುತ್ತದೆ, ಗಾಡಿ ಜೋರಾಗಿ ಹೋಗುತ್ತದೆ.

ಸಾಹೇಬರು ಗಡ್ಡ ಸವರಿಕೊಂಡರು. "ನಮ್ ಮನೇಲಿ ಇದಕ್ಕೆ ಉಲ್ಟಾ ಐತೆ ಮೇಸ್ತ್ರಿ. ನಾನು ಜೋರಾಗಿ ತಿರುಗ್ತೀನಿ, ಸಂಸಾರ ನಿಧಾನಕ್ಕೆ ಹೋಗ್ತದೆ. ಸಿಕ್ಕುದ್ರೆ ಅದಕ್ಕೂ ಒಂದ್ ಹಾಕ್ಕೊಡಿ."

ಚನ್ನಪಟ್ಟಣದ ಪ್ಲೇಟು

ಜೀಪಿನ ಇಂಜಿನ್ನಿಗೂ ಹೊಸ ಗೇರ್‌ಬಾಕ್ಸಿಗೂ ಬೋಲ್ಟಿನ ತೂತುಗಳು ಒಂದಕ್ಕೊಂದು ಹೊಂದುವುದಿಲ್ಲ. ನಡುವೆ ಒಂದು ದಪ್ಪ ಕಬ್ಬಿಣದ ಪ್ಲೇಟು ಬೇಕು. ಕಬ್ಬಿಣ ಕೊರೆಸಿ ಆಮೇಲೆ ಅಳತೆ ತಪ್ಪಿತು ಅಂದರೆ ದಂಡ. ಅದಕ್ಕೇ ಮೊದಲು ಮರದಲ್ಲಿ ಮಾದರಿ ಮಾಡಿಸೋಣ ಅಂತ ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ನನ್ನ ಸ್ನೇಹಿತನಿಗೆ ಅಳತೆ ಕೊಟ್ಟು ಬಂದೆ.

ತರಲು ಹೋದರೆ ಪ್ಲೇಟು ಹಳದಿ ಕೆಂಪು ಅರಗು ಬಳಿದುಕೊಂಡು ಥಳಥಳ ಹೊಳೆಯುತ್ತಿದೆ!

"ಬಣ್ಣ ಯಾಕಣ್ಣ? ಇದು ಗಾಡಿ ಸಾಮಾನಿನ ಮಾದ್ರಿ ಕಣಣ್ಣ."

"ನಮ್ ಅಂಗ್ಡಿಯಿಂದ ಬಣ್ಣ ಇಲ್ದಂಗೆ ಏನೂ ಆಚೆ ಹೋಗಾಕಿಲ್ಲ. ಮರ್ಯಾದೆ ಪ್ರಶ್ನೆ."

ಮಾದರಿಯನ್ನು ಇಂಜಿನ್ನಿಗೆ ಹಿಡಿದು ನೋಡಿದೆ. ಒಂದು ಕೂದಲು ಆಚೆ ಈಚೆ ಇಲ್ಲ. ಅದೇ ಅಳತೆಗೆ ಕಬ್ಬಿಣ ಕೊರೆಸಿದೆ. ಗೇರ್‌ಬಾಕ್ಸು ಏರಿಸುವ ಕೆಲಸ ನಡೆದಿರುವಾಗ ಸ್ನೇಹಿತನ ಫೋನು ಬಂತು. ಹೈವೇಯಲ್ಲಿ ಹೋಗುತ್ತಿದ್ದ ಯಾರೋ ದಂಪತಿ, ಅವನು ಅಳತೆ ಸರಿಬರುತ್ತದೋ ನೋಡಲು ಮೊದಲು ಮಾಡಿದ್ದ ಇನ್ನೊಂದು ಮರದ ಪ್ಲೇಟನ್ನು ಕಂಡು ಮೆಚ್ಚಿದ್ದರಂತೆ. ಇವನು ಮಧ್ಯದ ತೂತಿಗೆ ಗಡಿಯಾರದ ಮಿಷಿನ್ನು ಸಿಕ್ಕಿಸಿ ಕೊಟ್ಟುಬಿಟ್ಟಿದ್ದ. ಈಗ ಇನ್ನೂ ನಾಲ್ಕು ಜನ ಕೇಳುತ್ತಿದ್ದಾರಂತೆ.

"ನಿಮ್ ಗೇರ್‌ಬಾಕ್ಸು ಚೆನ್ನಾಗಿ ಓಡ್ತಾ ಐತೆ ಅಣ್ಣ" ಅಂದ. "ಟೈಮೂ ಕರೆಕ್ಟಾಗಿ ತೋರಿಸ್ತದೆ. ಜೀಪಲ್ಲಿರೋದು ಓಡ್ತಾ?"

ಊಟಕ್ಕೆ ಕೂತವರು

ಓಡಿತು. ಗೇರ್‌ಬಾಕ್ಸಿನಿಂದ ಚಕ್ರದ ಕಡೆಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ ಕುಳ್ಳ ಮಾಡಿಸಿದೆ, ಆಯಿಲ್ ತಣ್ಣಗಾಗಲು ಮುಂದೆ ಒಂದು ಕೂಲರ್ ಕೂರಿಸಿದೆ, ಅಗಲವಾದ ಬ್ರೇಕ್ ಪೆಡಲು ಹಾಕಿದೆ. ಸಾಹೇಬರನ್ನು ಸ್ಟೀರಿಂಗಿಗೆ ಕೂರಿಸಿ ಪಕ್ಕದಲ್ಲಿ ನಾನು ಕೂತೆ. ಮೆತ್ತಗೆ, ಬೆಣ್ಣೆಯ ಮೇಲೆ ಹೋದ ಹಾಗೆ ಹೊರಟಿತು.

ಮೊದಲನೇ ಗೇರಿನ ಸದ್ದು ಏರಿದ್ದೇ ತಡ, ಸಾಹೇಬರ ಎಡಗಾಲು ಅಭ್ಯಾಸಬಲದಿಂದ ಕ್ಲಚ್ ಹುಡುಕಿಕೊಂಡು ಹೋಯಿತು. ಸಿಕ್ಕಿದ್ದು ಬ್ರೇಕು. ಪೈಲ್ವಾನನ ಬಲ ಹಾಕಿ ಒತ್ತಿದರು. ಜೀಪು ಮೂಗು ನೆಲಕ್ಕೆ ಹಾಕಿ ನಿಂತಿತು. ನಾನು ಗಾಜಿಗೆ ಮುತ್ತು ಕೊಟ್ಟು ಬಂದೆ.

"ತೌಬಾ! ಮಾಫ್ ಮಾಡಿ ಮೇಸ್ತ್ರಿ. ಕಾಲು ನನ್ ಮಾತು ಕೇಳ್ತಿಲ್ಲ."

ಮತ್ತೆ ಹೊರಟೆವು, ಮತ್ತೆ ಮುತ್ತು. ಕೊನೆಗೆ ನಾನೇ ಉಪಾಯ ಹೇಳಿದೆ: "ಆ ಕಾಲ ಮಡ್ಚಿ ಸೀಟ್ ಮ್ಯಾಲೆ ಇಟ್ಕಳಿ. ನೋವಾಗದಂಗೆ, ಒಸಿ ಸಡ್ಲವಾಗಿ."

ಆ ಉಪಾಯ ಫಲಿಸಿತು. ಸಾಹೇಬರು ಎಡಗಾಲು ಮಡಚಿ, ಬಲಗಾಲಲ್ಲಿ ಆಕ್ಸಿಲರೇಟರ್ ಒತ್ತಿಕೊಂಡು, ಚನ್ನಪಟ್ಟಣದವರೆಗೆ ನೋವಿಲ್ಲದೆ ಹೋಗಿಬಂದರು. ಇಳಿದವರು ಬಾನೆಟ್ಟಿನ ಮೇಲೆ ಕೈಯಿಟ್ಟು ಸುಮಾರು ಹೊತ್ತು ನಿಂತರು. ನಾನು ಸ್ಪ್ಯಾನರುಗಳನ್ನು ಒರೆಸುತ್ತಾ ಇದ್ದುಬಿಟ್ಟೆ.

ಮಾರನೇ ದಿನ ಸರ್ಕಲ್ಲಿನಲ್ಲಿ ಟ್ರಾಫಿಕ್ ಪೊಲೀಸಿನವರು ಕೈ ಅಡ್ಡ ಹಾಕಿದರಂತೆ. ಒಳಗೆ ಬಗ್ಗಿ ನೋಡಿದರು. ಒಂದು ಕಾಲು ಮಡಚಿ, ನೆಟ್ಟಗೆ ಕೂತ ಸಾಹೇಬರು.

"ಏನ್ ಸಾಹೇಬ್ರೆ, ಡ್ರೈವಿಂಗೋ, ಎಲೆ ಹಾಕ್ಸನೋ?"

ನೂಕುವವರು

ಒಂದು ದಿನ ಗೂಡಿನ ಮಾರ್ಕೆಟ್ಟಿನ ಮುಂದೆ, ಬೆಳಗಿನ ಮಂಜಿಗೆ ಹಾಕಿದ್ದ ಲೈಟು ಆರಿಸದೆ ಒಳಗೆ ಹೋಗಿ ಸಾಹೇಬರು ಬ್ಯಾಟರಿ ಇಳಿಸಿಕೊಂಡರು. ಕೀಲಿ ತಿರುಗಿಸಿದರೆ ಉಸಿರೇ ಇಲ್ಲ. ದೊಡ್ಡಆಲಹಳ್ಳಿ ಕಡೆಯಿಂದ ಗೂಡು ಮಾರಲು ಬಂದಿದ್ದ ಗಟ್ಟಿಮುಟ್ಟಾದ ರೈತರು ನೋಡಿದರು.

"ಕೂತ್ಕಳಿ ಸಾಹೇಬ್ರೆ, ನೂಕ್ತೀವಿ. ಗೇರಿಗಾಕಿ ಕ್ಲಚ್ ಬುಡಿ, ಟಪ್ ಅಂತ ಸ್ಟಾರ್ಟಾಯ್ತದೆ."

ಸಾಹೇಬರು "ನೂಕಿ" ಅಂದರು. ಅಷ್ಟೇ ಅಂದರು.

ನಾನು ಗ್ಯಾರೇಜಿನಲ್ಲಿ ಟೀ ಕುಡಿಯುತ್ತಿದ್ದೆ. ದೂರದಿಂದ "ಐಸಾ!" ಅನ್ನುವ ಕೂಗು. ಬೆವರಲ್ಲಿ ತೊಯ್ದ ರೈತರು ಜೀಪನ್ನು ನೂಕಿಕೊಂಡು ಬರುತ್ತಿದ್ದಾರೆ. ಸಾಹೇಬರು ಒಳಗೆ ಕಾಲು ಮಡಚಿ, ಮೆರವಣಿಗೆಯಲ್ಲಿ ಬಂದವರ ಹಾಗೆ ಕೂತಿದ್ದಾರೆ. ಷಟರಿನ ಮುಂದೆ ಬ್ರೇಕ್ ಹಾಕಿದರು.

ರೈತರಲ್ಲಿ ಹಿರಿಯನು ಸೊಂಟ ಹಿಡಿದುಕೊಂಡು ಕೇಳಿದ: "ಏನ್ ಮೇಸ್ತ್ರಿ, ಇಷ್ಟ್ ದೂರ ನೂಕುದ್ರೂ ಸ್ಟಾರ್ಟಾಗ್ನಿಲ್ವಲ್ಲ?"

"ಇದು ಆಟೋಮ್ಯಾಟಿಕ್ ಕಣಣ್ಣ, ಬುಡಾಕೆ ಕ್ಲಚ್ಚೇ ಇಲ್ಲ. ಇದ್ನ ಕನಕಪುರದ ಗಂಟ ನೂಕುದ್ರೂ ಸ್ಟಾರ್ಟಾಗಾಕಿಲ್ಲ. ಸಾಹೇಬ್ರಿಗೆ ಆವತ್ತೇ ಹೇಳಿವ್ನಿ."

ಎಲ್ಲರೂ ಸಾಹೇಬರ ಕಡೆ ತಿರುಗಿದರು. "ಮೊದ್ಲೇ ಹೇಳ್ಬಾರ್ದಾ ಸಾಹೇಬ್ರೆ?"

"ಹೇಳಿದ್ರೆ," ಅಂದರು ಸಾಹೇಬರು ಇಳಿಯುತ್ತಾ, "ಇಲ್ಲೀ ಗಂಟ ಯಾರಪ್ಪ ನೂಕ್ತಿದ್ರು?"

ಆಮೇಲೆ ಎಲ್ಲರಿಗೂ ಅವರೇ ಟೀ, ಬನ್ನು ಕೊಡಿಸಿದರು ಅನ್ನಿ.

ಕೆಂಪು ದೀಪ

ಓವರ್‌ಡ್ರೈವ್ ಹೈವೇಗೆ ಒಳ್ಳೇದು, ದಿಬ್ಬ ಹತ್ತುವಾಗ ಬೇಡ. ಆಗ ಗೇರ್ ಲಿವರಿನ ಪಕ್ಕದ ಗುಂಡಿ ಒತ್ತಿ ಅದನ್ನು ಬಿಡಿಸಬೇಕು. ಬಿಡಿಸಿದ್ದಕ್ಕೆ ಗುರುತಾಗಿ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಎರಡೇ ಅಕ್ಷರ, ಓ ಮತ್ತು ಡಿ. ಸಾಹೇಬರು "ಕನ್ನಡದಲ್ಲಿ ಬರೆಸಿ ಮೇಸ್ತ್ರಿ, ದೊಡ್ಡದಾಗಿ. ನಂಗೆ ಕನ್ನಡಕ ಹಾಕ್ಕಳದ್ ಬೇಜಾರು" ಅಂದರು. ಸ್ಟಿಕ್ಕರ್ ಅಂಗಡಿಗೆ ಹೇಳಿ, ದೀಪದ ಗಾಜಿನ ಮೇಲೆ ಎರಡು ಅಕ್ಷರ ಕೊರೆಸಿ ಕೂರಿಸಿದೆ.

ದಿಬ್ಬದಲ್ಲಿ ಹೇಗೆ ಎಳೆಯುತ್ತದೆ ನೋಡಲು ನಾವಿಬ್ಬರೂ ಕುದೂರಿಗೆ ಹೋಗಿ ಬರುತ್ತಿದ್ದೆವು. ಮಾಗಡಿ ಬಸ್ ಸ್ಟ್ಯಾಂಡಿನ ಹತ್ತಿರ ಕಲ್ಯದ ಕಡೆಯ ಒಂದು ಕುಟುಂಬ ಕೈ ಅಡ್ಡ ಹಾಕಿತು. ಬಸ್ಸು ತಪ್ಪಿಸಿಕೊಂಡು, ರಾಮನಗರದ ನೆಂಟರ ಮನೆಗೆ ಹೊರಟವರು. ಸಾಹೇಬರಿಗೆ ಇಲ್ಲ ಅಂದು ಗೊತ್ತಿಲ್ಲ. ಅಜ್ಜಿಯನ್ನು ಮುಂದೆ ಕೂರಿಸಿದರು, ನಾನು ಉಳಿದವರ ಜೊತೆ ಹಿಂದಕ್ಕೆ ಹೋದೆ.

ಅಜ್ಜಿ ಇಳಿವಯಸ್ಸಿನಲ್ಲಿ ಓದು ಕಲಿತವಳು. ಕಲಿತದ್ದನ್ನು ಸುಮ್ಮನೆ ಇಟ್ಟುಕೊಳ್ಳುವವಳಲ್ಲ. ದಾರಿಯುದ್ದಕ್ಕೂ ಕಂಡ ಬೋರ್ಡನ್ನೆಲ್ಲ ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದುತ್ತಿದ್ದಳು. "ನಾಟಿ ಕೋಳಿ ಸಿಗುತ್ತದೆ." "ಮುಂದೆ ತಿರುವು." "ಇಲ್ಲಿ ಕಸ ಹಾಕಬೇಡಿ." ಹಿಂದೆ ಕೂತ ಮಗ, ಸೊಸೆ, ಬೀಗರು ಎಲ್ಲರೂ ಹೂಂಗುಟ್ಟುತ್ತಿದ್ದರು.

ದಿಬ್ಬ ಬಂತು. ಸಾಹೇಬರು ಗುಂಡಿ ಒತ್ತಿದರು. ಗೇರು ಇಳಿದು ಇಂಜಿನ್ನು ಗುರ್ರ್ ಅಂತ ಒಂದು ಸಲ ಗರ್ಜಿಸಿತು. ಅಜ್ಜಿಯ ಎದುರಿಗೇ ಕೆಂಪು ದೀಪ ಹತ್ತಿತು.

ಅಜ್ಜಿ ಬಗ್ಗಿ, ಅಕ್ಷರ ಕೂಡಿಸಿದಳು. "ಓ... ಡಿ."

ಇನ್ನೊಂದು ಸಲ ಕೂಡಿಸಿದಳು. ಆಮೇಲೆ ಕಾಡಿಗೆಲ್ಲ ಕೇಳುವಂತೆ ಕಿರುಚಿದಳು: "ಓಡಿ! ಓಡಿ ಅಂತೈತೆ ಕಣ್ರಪ್ಪೋ! ಕೆಂಪಕ್ಷರದಲ್ಲಿ ಓಡೀ ಅಂತೈತೆ!"

ಸಾಹೇಬರು ಬೆಚ್ಚಿ ಬ್ರೇಕ್ ಹಾಕಿದರು. ಜೀಪು ನಿಂತಿದ್ದೇ ಹಿಂಬಾಗಿಲು ಧಡಾರನೆ ತೆರೆಯಿತು. ಮಗ ಹಾರಿದ, ಸೊಸೆ ಚೀಲದ ಸಮೇತ ಹಾರಿದಳು, ಬೀಗರು ಒಂದು ಚಪ್ಪಲಿ ಬಿಟ್ಟು ಹಾರಿದರು. ಅಜ್ಜಿ ಸೀರೆ ಎತ್ತಿಕಟ್ಟಿ ಇಳಿದಳು. ಸಾಹೇಬರು ಲಿವರನ್ನು ಪಾರ್ಕಿಗೆ ತಳ್ಳಿ, ಏನು ಎತ್ತ ಕೇಳದೆ ಅವರ ಹಿಂದೆಯೇ ಓಡಿದರು. ಎಲ್ಲರೂ ಹೋಗಿ ಒಂದು ಬಂಡೆಯ ಹಿಂದೆ ಕೂತು, ಸ್ಫೋಟ ಕಾಯುತ್ತಾ ಕಿವಿ ಮುಚ್ಚಿಕೊಂಡೆವು.

ಜೀಪು ನಡುರಸ್ತೆಯಲ್ಲಿ ಒಂಟಿಯಾಗಿ, ತಣ್ಣಗೆ, ಗುಡುಗುಡು ಅನ್ನುತ್ತಾ ನಿಂತಿತ್ತು. ಹೊಗೆಯಿಲ್ಲ, ಬೆಂಕಿಯಿಲ್ಲ. ಸಾಹೇಬರೇ ಮೆಲ್ಲಗೆ ಎದ್ದು ಹೋಗಿ ಇಣುಕಿದರು. ವಾಪಸು ಬರುವಾಗ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಓವರ್‌ಡ್ರೈವ್ ಕಣಮ್ಮ ಅದು! ಓ, ಡಿ! ಗೇರಿನ ಹೆಸ್ರು!"

ಅಜ್ಜಿಗೆ ನಗು ಬರಲಿಲ್ಲ. "ಗಾಡಿಯೇ ಓಡಿ ಅಂತ ಬರ್ಕಂಡಿದ್ರೆ ಕೂತಿರಕ್ಕಾಯ್ತದಾ? ಯಾರ್ ಇದ್ನ ಬರ್ಸಿದ್ದು?"

"ನಾನೇ ಕಣಜ್ಜಿ" ಅಂದೆ. "ಬರ್ಸಿದ್ದೂ ನಾನೇ, ದೀಪ ಕೂರ್ಸಿದ್ದೂ ನಾನೇ."

ಅಜ್ಜಿ ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದಳು.

"ಮತ್ತೆ ಎಲ್ಲಾರ್ಗಿಂತ ಮುಂಚೆ ಬಂದು ಈ ಬಂಡೆ ಹಿಂದೆ ಕೂತಿದ್ಯಲ್ಲ, ಬರ್ಸಿದೋನ್ಗೂ ನಾನೇ ಓದೇಳ್ಬೇಕಿತ್ತೇನಪ್ಪ?"