ಆಶ್‌ಲೋಡಿನ ನೆರೆಗುರುತು

ಟಕ್... ಟಕ್... ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್.

ನಡುರಾತ್ರಿ ದಾಟಿತ್ತು. ಆಲ್ವಿನ್ ಪ್ರೋಬರ್ಟ್ ಮೊದಲು ಹೀಟರಿನ ಕೊಳವೆಯನ್ನು ಶಪಿಸಿದ. ಆಮೇಲೆ ಹೆಂಡತಿ ಮೆರಿಲ್‌ಳ ಗೊರಕೆಯ ಮೇಲೆ ಅನುಮಾನಪಟ್ಟ. ಕೊನೆಗೆ ಎದ್ದು ಪರದೆ ಸರಿಸಿದ. ಎದುರಿನ ಪಬ್ಬಿನ ಗೋಡೆಗೆ ಏಣಿ ಒರಗಿತ್ತು. ಎಂಬತ್ತು ದಾಟಿದ ಗ್ವೆಂಡಾ ಟಜ್ ಟಾರ್ಚ್ ಹಿಡಿದು ನಿಂತಿದ್ದರು. ಪಬ್ಬಿನ ಮಾಲೀಕ ಹಕರ್ಬಿ ಗೋಡೆಯ ಹಿತ್ತಾಳೆ ಫಲಕವನ್ನು ಕಿತ್ತು ನಾಲ್ಕಡಿ ಕೆಳಗೆ ಹೊಡೆಯುತ್ತಿದ್ದ. ‘ನಲವತ್ತೇಳರ ನೆರೆ ಇಲ್ಲಿಯವರೆಗೆ’ ಎಂದು ಕೆತ್ತಿದ ಫಲಕ ಅದು.

ಆಲ್ವಿನ್ ಕಿಟಕಿಯ ಗಾಜಿಗೆ ಮುಖ ಒತ್ತಿ ನೋಡಿದ. ಆಶ್‌ಲೋಡ್ ಹಳ್ಳಿಯ ಪಕ್ಕ ಹರಿಯುವ ಸೆವರ್ನ್ ನದಿಯ ನೆರೆ ನಕ್ಷೆ ಮಾಡುವುದೇ ಅವನ ಉದ್ಯೋಗ. ಬೆಳಗಾದರೆ ಮೇಲಧಿಕಾರಿ ಮಿಸೆಸ್ ಕಾಲಿ ಬಂದು ಆ ಫಲಕದ ಎತ್ತರವನ್ನು ಅಳೆಯುವವರಿದ್ದರು. ಫಲಕ ಮೇಲಿದ್ದರೆ ಪಬ್ಬಿರುವ ಈ ಬೀದಿ, ಫೆರಿ ಲೇನ್, ಪೂರ್ತಿ ನಕ್ಷೆಯಲ್ಲಿ ಕಡುನೀಲಿ, ಅಂದರೆ ಮುಳುಗುವ ಜಾಗ. ಕಡುನೀಲಿ ಬಿದ್ದ ಮನೆಯನ್ನು ವಿಮೆಯವರು ಸಿಡುಬು ಬಂದವನಂತೆ ದೂರ ಇಡುತ್ತಾರೆ. ವಿಮೆಯಿಲ್ಲದ ಮನೆಯನ್ನು ಯಾರೂ ಮೂಸುವುದಿಲ್ಲ. ಆಲ್ವಿನ್ ಸಾಲ ಮಾಡಿ ಕೊಂಡ ಮನೆಯೂ ಫೆರಿ ಲೇನಿನಲ್ಲೇ ಇತ್ತು.

ಸುಮ್ಮನೆ ಮಲಗಿದರೆ ಅವನಿಗೂ ಲಾಭ. ಅದೇ ಅವನನ್ನು ಮಲಗಗೊಡಲಿಲ್ಲ. ಸುಳ್ಳು ನಕ್ಷೆಯನ್ನು ನಂಬಿ ಜನ ನಿಶ್ಚಿಂತೆಯಿಂದ ಮಲಗಿರುವಾಗ ನದಿ ಉಕ್ಕಿದರೆ?

ನಸುಕು ಹರಿಯುವ ಹೊತ್ತಿಗೆ ಅವನು ರಾತ್ರಿಯ ನಿಲುವಂಗಿಯಲ್ಲೇ, ಸ್ಕ್ರೂಡ್ರೈವರ್ ಹಿಡಿದು ಬೀದಿ ದಾಟಿದ. ಏಣಿ ಇರಲಿಲ್ಲ. ಖಾಲಿ ಬಿಯರ್ ಪೀಪಾಯಿ ಹತ್ತಿದ. ಅದು ಹೊಸ ಸೊಸೆಯ ಹಾಗೆ ಎರಡು ಸಲ ತಾಳಿಕೊಂಡಿತು, ಮೂರನೆಯ ಸಲ ಉರುಳಿತು. ಅಷ್ಟರಲ್ಲಿ ಫಲಕ ಮೇಲಿನ ತೂತುಗಳಿಗೆ ಸೇರಿತ್ತು, ಆಲ್ವಿನ್ ಕೆಸರಿಗೆ.

“ಎಲ್ಲಿಗ್ರೀ ಹೋಗಿದ್ದು?” ಮೆರಿಲ್ ಮನೆಯ ಮೆಟ್ಟಿಲ ಮೇಲೆ ನಿಂತಿದ್ದಳು.

“ಕಸದ ಡಬ್ಬಿ ಹೊರಗಿಡೋಕೆ.”

“ಕಸದವರು ಬರೋದು ನಾಳೆ.”

“ಅದಕ್ಕೇ ವಾಪಸ್ ಒಳಗಿಟ್ಟೆ.”

ಒಂಬತ್ತಕ್ಕೆ ಮಿಸೆಸ್ ಕಾಲಿ ಬಂದಾಗ ನದಿಯ ಮಂಜು ಗೋಡೆಯನ್ನು ಇನ್ನೂ ಬಿಟ್ಟಿರಲಿಲ್ಲ. ಬೀದಿಯೆಲ್ಲ ಚಹಾದ ಮಗ್ ಹಿಡಿದು ಮದುವೆಗೆ ಬಂದವರಂತೆ ನಿಂತಿತ್ತು. ಹಕರ್ಬಿ ಅಧಿಕಾರಿಯ ಕೈಗೆ ಬೇಕನ್ ಸ್ಯಾಂಡ್‌ವಿಚ್ ತುರುಕಿದ.

“ತಿನ್ನಿ ಮೇಡಂ, ಆತುರ ಏನಿಲ್ಲ. ಅದೇನು, ಎದೆಮಟ್ಟ ಇದೆ ಅಷ್ಟೆ.”

ಮಿಸೆಸ್ ಕಾಲಿ ಅಳತೆಗೋಲನ್ನು ಏರಿಸಿದರು. ಏರಿಸುತ್ತಲೇ ಹೋದರು. “ಎಂಟಡಿ!”

ಹಕರ್ಬಿಯ ಮಗ್ಗಿನಿಂದ ಚಹಾ ಅವನ ಚಪ್ಪಲಿಗೆ ಸುರಿಯಿತು. “ಇನ್ನೊಂದ್ಸಲ ನೋಡಿ ಮೇಡಂ. ಮಂಜಲ್ಲಿ ಎಲ್ಲಾ ದೊಡ್ಡದಾಗೇ ಕಾಣ್ಸುತ್ತೆ.”

“ಕೋಲಿಗೆ ಮಂಜು ಕಾಣಲ್ಲ,” ಎಂದು ಅವರು ಕೈಯಲ್ಲಿದ್ದ ಟ್ಯಾಬ್ಲೆಟ್ಟಿನ ಪರದೆ ಒತ್ತಿದರು. ನಕ್ಷೆಯಲ್ಲಿ ಫೆರಿ ಲೇನಿನ ಮೇಲೆ ಶಾಯಿ ಚೆಲ್ಲಿದ ಹಾಗಾಯಿತು. “ಅಯ್ಯೋ ಪಾಪ, ನಿಮ್ಮನೆನೂ ಹೋಯ್ತಲ್ಲ ಆಲ್ವಿನ್. ಆಫೀಸಿಗೆ ಕಳಿಸಿಬಿಟ್ಟೆ.”

ಕಾರು ಹೊರಟಿತು. ಆಲ್ವಿನ್‌ಗೆ ದುಃಖವೂ ಆಯಿತು, ಒಳಗೊಳಗೇ ಸ್ವಲ್ಪ ಹೆಮ್ಮೆಯೂ. ಗ್ವೆಂಡಾ ಅವನ ತೋಳು ಹಿಡಿದು ಪಬ್ಬಿನೊಳಗೆ ಎಳೆದುಕೊಂಡು ಹೋದರು.

“ಕಂದಾ, ಆ ನೆರೆ ಬಂದಾಗ ನಾನು ಇದೇ ಪಬ್ಬಲ್ಲಿದ್ದೆ, ಅಪ್ಪನ ಹೆಗಲ ಮೇಲೆ. ಆಗ ಪಬ್ಬು ಅಪ್ಪಂದೇ. ನೀರು ಅವನ ಎದೆಮಟ್ಟ ಇತ್ತು. ಫಲಕಾನೂ ಅಲ್ಲೇ ಹೊಡ್ದಿದ್ದ.”

“ಎದೆಮಟ್ಟ?” ಆಲ್ವಿನ್ ತನ್ನ ಎದೆ ಮುಟ್ಟಿ ನೋಡಿಕೊಂಡ. “ಮತ್ತೆ ಎಂಟಡಿ ಮೇಲೆ ಹೇಗೆ...”

“ಆ ದಡದ ಪಬ್ಬಿನವನು ತನ್ನ ಗುರುತು ತಲೆಗಿಂತ ಎತ್ತರಕ್ಕೆ ಹಾಕ್ಕೊಂಡ. ಫೋಟೋ ತೆಗಿಸ್ಕೊಳ್ಳೋರೆಲ್ಲ ಅಲ್ಲಿಗೇ ಓಡಿದ್ರು. ನಮ್ಮಪ್ಪ ಬಿಡ್ತಾನಾ? ಇವನೂ ನಾಲ್ಕಡಿ ಏರಿಸ್ದ.”

“ಇದನ್ನ ನನಗಾದ್ರೂ ಹೇಳ್ಬಾರ್ದಾ ಟಜ್ ಅಮ್ಮ!”

“ಹೇಳಿ, ಸತ್ತ ಅಪ್ಪ ಸುಳ್ಳುಗಾರ ಅಂತ ಡಂಗುರ ಹೊಡೀಲಾ? ಅದಕ್ಕೇ ನಿನ್ನೆ ರಾತ್ರಿ ಸದ್ದಿಲ್ದೆ ನಿಜವಾದ ಜಾಗಕ್ಕೇ ಇಳಿಸಿದ್ವಿ.”

“ಬೆಳಗಾಗೋದ್ರೊಳಗೆ ಯಾವನೋ ಮನೆಹಾಳ ಮೇಲೇರಿಸಿದ್ದಾನೆ!” ಹಕರ್ಬಿ ಕೌಂಟರ್ ಗುದ್ದಿದ. “ಪೀಪಾಯಿನೂ ಉರುಳಿಸಿದ್ದಾನೆ, ಅಯೋಗ್ಯ.”

ಆಲ್ವಿನ್ ಕುಳಿತ. “ಮತ್ತೆ... ಇನ್ನೊಂದ್ಸಲ ಅಳೆಸಬಹುದಲ್ಲ?”

“ಈಗ ತಾನೇ ಮೇಡಂಗೆ ಫೋನ್ ಮಾಡಿ ಕೇಳ್ದೆ,” ಎಂದ ಹಕರ್ಬಿ. “ ಗುರುತು ಮುಟ್ಟಿದವನೇ ಬಂದು ಒಪ್ಕೊಂಡ್ರೆ ಅಳೀತಾರಂತೆ. ನಾವಿಬ್ರೂ ಒಪ್ಕೊಂಡಾಯ್ತು. ಆದ್ರೆ ಕೊನೇಲಿ ಮುಟ್ಟಿದವನು ಬೇಕಂತೆ. ಆಫೀಸಿನವನೇ ಆಗಿದ್ರೆ ಅವತ್ತೇ ಕೆಲಸದಿಂದ ತೆಗೀತೀನಿ ಅಂದ್ರು ಮೇಡಂ. ಅಲ್ಲಪ್ಪಾ, ಆಫೀಸಿನವರು ಯಾಕೆ ಬರ್ತಾರೆ ಇಲ್ಲಿಗೆ?”

“ಯಾಕೆ ಬರ್ತಾರೆ,” ಎಂದ ಆಲ್ವಿನ್.

“ಅದಕ್ಕೇ ಒಂದು ಸಮಿತಿ ಮಾಡಿದೀವಿ,” ಗ್ವೆಂಡಾ ಅವನ ಕೆನ್ನೆ ತಟ್ಟಿದರು. “ಆ ಕಳ್ಳನ್ನ ಹಿಡಿಯೋಕೆ. ನೀನೇ ಅಧ್ಯಕ್ಷ. ನಿನ್ನ ಮನೆ ನಕ್ಷೇಲಿ ಮುಳುಗಿದ್ರೂ ತಕರಾರು ಮಾಡದೆ ನಿಂತಿದ್ಯಲ್ಲ ಕಂದಾ, ಈ ಬೀದೀಲಿ ನೀನೊಬ್ನೇ ಪ್ರಾಮಾಣಿಕ.”

ಒಳಗೆ ಬಂದು ಸೇರಿದ್ದ ಬೀದಿಯವರೆಲ್ಲ ಚಪ್ಪಾಳೆ ತಟ್ಟಿದರು. ಬಾಗಿಲಲ್ಲಿ ಮೆರಿಲ್ ಕಾಣಿಸಿಕೊಂಡಳು.

“ಏನ್ರೀ ಗಲಾಟೆ? ಏನಾಯ್ತು?”

ಆಲ್ವಿನ್ ಬಾಯಿ ತೆರೆದ. ಹಕರ್ಬಿಯನ್ನು ನೋಡಿದ, ಗ್ವೆಂಡಾರನ್ನು ನೋಡಿದ, ಹೆಂಡತಿಯನ್ನು ನೋಡಿದ. ಇನ್ನು ಸಾಯುವ ತನಕ ಒಂದು ನರಪಿಳ್ಳೆಯ ಹತ್ತಿರವೂ ಇದರ ಸುದ್ದಿ ಎತ್ತುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಹಾಕಿಕೊಂಡ.

“ಏನಿಲ್ಲ,” ಎಂದ. “ಅಧ್ಯಕ್ಷ ಆದೆ.”